ಜಾಗಟೆ ಯಾರ ಕೈಯಲ್ಲಿ?

1890ರ ‘ಸ್ಲೀಪಿಂಗ್ ಬ್ಯೂಟಿ’ ಬ್ಯಾಲೆಗೆ ಸಂಗೀತ ಬರೆಯಲು ಕೂತ ಚೈಕೋವ್‌ಸ್ಕಿಯ ಕೈಗೆ ನೃತ್ಯ ಸಂಯೋಜಕ ಮಾರಿಯಸ್ ಪೆತಿಪಾ ಒಂದು ಪಟ್ಟಿ ಕೊಟ್ಟಿದ್ದ. ಇಲ್ಲಿ ಇಷ್ಟು ಅಳತೆ, ಇಂಥ ಗತಿ, ಇಲ್ಲಿಗೆ ನಿಲ್ಲಿಸು. ಅಷ್ಟು ಬಿಗಿಯೊಳಗೆ ಅಂಥ ಸಂಗೀತ ಹುಟ್ಟಿತಲ್ಲ ಎಂಬುದು ನನಗೆ ಇವತ್ತಿಗೂ ಬೆರಗು. ಇಚಿಲಂಪಾಡಿ ಕಡೆಯ ಗದ್ದೆಯಲ್ಲಿ ಯಕ್ಷಗಾನದ ಹರಕೆಯಾಟಕ್ಕೆ ಕೂತವರಿಗೆ ಮಾತ್ರ ಈ ಲೆಕ್ಕಾಚಾರ ವಿಚಿತ್ರವಾಗಿ ಕಂಡೀತು. ನಮ್ಮಲ್ಲಿ ಪಟ್ಟಿ ಯಾರ ಹತ್ತಿರವೂ ಇಲ್ಲ, ಜಾಗಟೆ ಪದ ಹಾಡುವ ಭಾಗವತರ ಕೈಯಲ್ಲಿದೆ.

ಅಭಿಮನ್ಯುವಿನ ಏರುಪದವನ್ನೇ ನೋಡಿ. ಭಾಗವತರು ಸಾಲು ಎತ್ತುತ್ತಾರೆ, ಬೇಕೆನಿಸಿದರೆ ಅದನ್ನೇ ಮತ್ತೆ ಹೇಳುತ್ತಾರೆ. ಸಾಲು ಮುಗಿದಲ್ಲಿ ಚೆಂಡೆ ಬಿಡ್ತಿಗೆ ಹಿಡಿಯುತ್ತದೆ, ವೇಷ ಗಿರಕಿ ಹೊಡೆಯುತ್ತ ದಿಗಿಣಕ್ಕೆ ಹಾರುತ್ತದೆ. ಎಷ್ಟು ದಿಗಿಣ ಎಂದು ಮೊದಲೇ ಮಾತಾಗಿರುವುದಿಲ್ಲ. ಚೆಂಡೆಯವರ ಕಣ್ಣು ವೇಷದ ಕಾಲಿನ ಮೇಲೆ, ವೇಷದ ಕಿವಿ ಜಾಗಟೆಯ ಮೇಲೆ. ಹುಡುಗ ಬಳಲಿದ್ದು ಕಂಡರೆ ಮುಕ್ತಾಯ, ಹುರುಪು ಕಂಡರೆ ಇನ್ನೊಂದು ಸುತ್ತು. 2021ರಲ್ಲಿ ತೀರಿಕೊಂಡ ವೇಷಧಾರಿ ಪುತ್ತೂರು ಶ್ರೀಧರ ಭಂಡಾರಿಯವರನ್ನು ನೆನೆಯುವವರೆಲ್ಲ ದಿಗಿಣದ ವೇಗವನ್ನೇ ಹೊಗಳುತ್ತಾರೆ. ನನ್ನ ಮಟ್ಟಿಗೆ ವೇಗ ಎರಡನೆಯದು. ಕಾಲು ನೆಲ ಮುಟ್ಟುವುದೂ ಚೆಂಡೆಗೆ ಕೋಲು ಬೀಳುವುದೂ ಒಂದೇ ಕ್ಷಣಕ್ಕೆ ಆಗಬೇಕು. ಕೂದಲೆಳೆಯಷ್ಟು ಹಿಂದುಮುಂದಾದರೆ ಅದು ಬರೀ ಕಸರತ್ತು. ಕರುಣರಸದ ಪದ ಬಂತೋ, ಚೆಂಡೆ ಸುಮ್ಮನಾಗಿ ಮದ್ದಳೆಯೊಂದೇ ಉಳಿಯುತ್ತದೆ. ಆಗ ಕುಣಿತವೂ ಹೆಜ್ಜೆ ಬಿಟ್ಟು ಕೈಗೆ, ಕಣ್ಣಿಗೆ ಏರುತ್ತದೆ.

ಇಷ್ಟೆಲ್ಲ ಬಲ್ಲ ಆಟವನ್ನು ಬ್ಯಾಲೆ ಮಾಡಲು ಹೊರಟವರು ಪುತ್ತೂರಿನ ಬಾಲವನದಲ್ಲಿದ್ದ ಶಿವರಾಮ ಕಾರಂತರು. ‘ಮುಕ್ತದ್ವಾರ’, ‘ಕಿಸಾಗೋತಮಿ’ಯಂಥ ಗೀತನಾಟಕಗಳನ್ನು ಬರೆದು ಕೈ ಪಳಗಿಸಿಕೊಂಡಿದ್ದವರು. ಯಕ್ಷಗಾನ ಬ್ಯಾಲೆಗೆ ಅವರು ಹಿಡಿದದ್ದು ತಮ್ಮ ಹುಟ್ಟೂರು ಕೋಟದ ಕಡೆಯ ಬಡಗುತಿಟ್ಟು ಶೈಲಿಯನ್ನು. ಅರ್ಥಗಾರಿಕೆಗೆ ಕತ್ತರಿ ಬಿತ್ತು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನು ಬಂದವು. ಸ್ಯಾಕ್ಸೋಫೋನಿಗೆ ಹುಬ್ಬೇರಿಸಿದವರು ಬಹಳ. ಕದ್ರಿ ಗೋಪಾಲನಾಥರನ್ನು ಕೊಟ್ಟ ಜಿಲ್ಲೆಯಲ್ಲಿ ಅದು ಯಾರಿಗೆ ಪರಕೀಯ ಹೇಳಿ!

ಮಾತು ಹೋದದ್ದರಿಂದ ಸಂಗೀತದ ಹೊಣೆ ಇಮ್ಮಡಿಯಾಯಿತು. ಬಯಲಾಟದಲ್ಲಿ ಪದ ಮುಗಿಸಿ ವೇಷ ಅರ್ಥ ಹೇಳುವಾಗ ರಾಗ ಕಡಿಯುತ್ತದೆ, ಭಾವವೂ ಕೆಲವೊಮ್ಮೆ ಅದರೊಂದಿಗೇ ಹೋಗುತ್ತದೆ. ಪಿಟೀಲು ಆ ಎಳೆಯನ್ನು ಕಡಿಯಗೊಡುವುದಿಲ್ಲ. ವೇಷದ ಒಂದು ತಿರುವು, ಒಂದು ನಿಲುವು ರಾಗದ ಮೇಲೆಯೇ ತೇಲಿ ಮುಂದಿನ ಪದಕ್ಕೆ ದಾಟಬಹುದು. ಇದು ಕಾರಂತರ ಗೆಲುವು ಎಂದೇ ನನ್ನ ಎಣಿಕೆ. ಸೋತದ್ದೂ ಇದೆ. ತಾಲೀಮಿನಲ್ಲಿ ಎಲ್ಲ ಗೊತ್ತುಮಾಡಿಟ್ಟ ಮೇಲೆ ಭಾಗವತರು ಇವತ್ತಿನ ವೇಷವನ್ನು ನೋಡಿ ಇವತ್ತೇ ತೀರ್ಮಾನಿಸಲು ಏನು ಉಳಿಯಿತು?

ಮೇಳಗಳು ಆ ದಾರಿ ಹಿಡಿಯಲಿಲ್ಲ. ಒಳ್ಳೆಯದೇ ಆಯಿತು ಎನ್ನುತ್ತಿದ್ದೆ, ಈಚಿನ ಕೆಲವು ಆಟ ನೋಡದಿದ್ದರೆ. ಭಾಗವತರ ಆಲಾಪನೆಗೆ ಸಭೆ ಚಪ್ಪಾಳೆ ತಟ್ಟುತ್ತದೆ, ಅವರು ಮತ್ತೊಂದು ಸಂಗತಿ ಹಾಕುತ್ತಾರೆ. ಅಷ್ಟು ಹೊತ್ತೂ ವೇಷ ಮಾಡಲು ಕೆಲಸವಿಲ್ಲದೆ ನಿಂತಿರುತ್ತದೆ. ಕಛೇರಿ ಕೇಳಬೇಕಾದರೆ ನಾನು ಗದ್ದೆಗೆ ಯಾಕೆ ಬರಲಿ?