ವಿನ್‌ಹೆಲ್ಪ್‌ನ ಷರತ್ತುಗಳು: ಯಾರನ್ನು ಏನು ಕೇಳಬೇಕಿತ್ತು?

ಎಫ್1 ಒತ್ತಿದರೆ ತೆರೆದುಕೊಳ್ಳುತ್ತಿದ್ದ ವಿಂಡೋಸ್‌ನ ಹಳೆಯ ಹೆಲ್ಪ್ ಕಡತಗಳು ಬರೀ ಓದುವ ಪುಟಗಳಾಗಿರಲಿಲ್ಲ. 1992ರ ವಿಂಡೋಸ್ 3.1ರ ಹೊತ್ತಿಗೆ ಅವುಗಳನ್ನು ತೋರಿಸುತ್ತಿದ್ದ ಪ್ರೋಗ್ರಾಂ ಆದ ವಿನ್‌ಹೆಲ್ಪ್‌ಗೆ ಮ್ಯಾಕ್ರೋಗಳ ಪುಟ್ಟ ಭಾಷೆಯೊಂದು ಸಿಕ್ಕಿತ್ತು. ಷರತ್ತು ಹಾಕಲು ಅದರಲ್ಲಿ ಎರಡು ಆದೇಶಗಳಿದ್ದವು: ಇಫ್‌ದೆನ್ ಮತ್ತು ಇಫ್‌ದೆನ್‌ಎಲ್ಸ್. ಕಂಪ್ಯೂಟರಿನಲ್ಲಿ ಏನಿದೆ, ಏನಿಲ್ಲ ಎಂದು ಕೇಳುವಾಗ ಇವು ಚೆನ್ನಾಗಿ ದುಡಿದವು. ಓದುಗ ಎಂಥವನೆಂದು ಊಹಿಸಲು ಹೊರಟಾಗ ಕೆಟ್ಟವು.

ಕಾರಣ ಭಾಷೆಯ ರಚನೆಯಲ್ಲೇ ಇದೆ. ಅದರಲ್ಲಿ ಚರಾಂಶಗಳಿಲ್ಲ, ಲೂಪ್ ಇಲ್ಲ. ನೆನಪಿಗೆಂದು ಇದ್ದದ್ದು ಸೇವ್‌ಮಾರ್ಕ್ ಒಂದೇ. ಪುಟದಲ್ಲೊಂದು ಗುರುತು ಇಟ್ಟು, ಗೋಟುಮಾರ್ಕ್‌ನಿಂದ ಅಲ್ಲಿಗೆ ಮರಳಿ ಬರಲಿ ಎಂದು ಮಾಡಿದ ಆದೇಶ ಅದು. ಲೇಖಕರು ಅದನ್ನೇ ಹೌದು-ಇಲ್ಲ ಎಂಬ ಗುಂಡಿಯಾಗಿ ಬಳಸಿದರು. ‘ನನಗೆ ಇದು ಗೊತ್ತು’ ಎಂಬ ಬಟನ್ ಒತ್ತಿದರೆ ಒಂದು ಗುರುತು ಬೀಳುತ್ತದೆ. ಮುಂದೆ ‘ಮುದ್ರಿಸುವುದು’ ಎಂಬ ಕೊಂಡಿ ಒತ್ತಿದಾಗ ಇಸ್‌ಮಾರ್ಕ್ ಎಂಬ ಆದೇಶ ಆ ಗುರುತನ್ನು ಹುಡುಕುತ್ತದೆ. ಇದ್ದರೆ ಚುಟುಕು ಪುಟ, ಇಲ್ಲದಿದ್ದರೆ ವಿವರದ ಪುಟ. ಕೇಳಲು ಚೆಂದ. ಆದರೆ ಹೆಲ್ಪ್ ಮುಚ್ಚಿ ಮತ್ತೆ ತೆರೆದರೆ ಗುರುತೇ ಉಳಿದಿರುವುದಿಲ್ಲ. ಬೆಳಿಗ್ಗೆ ಒಂದು ಪುಟಕ್ಕೆ ಒಯ್ದ ಕೊಂಡಿ ಸಂಜೆ ಇನ್ನೊಂದಕ್ಕೆ ಒಯ್ಯುತ್ತದೆ. ತೊಂದರೆಯಲ್ಲಿದ್ದು ಉತ್ತರ ಹುಡುಕುವವನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇಡ.

ಬರೆಯುವವರ ಪಾಡೂ ಸುಲಭದ್ದಲ್ಲ. ಷರತ್ತಿನ ಒಳಗಿನ ಮ್ಯಾಕ್ರೋ ಉದ್ಧರಣ ಚಿಹ್ನೆಗಳ ನಡುವೆ ಇರಬೇಕು, ಅದರೊಳಗಿನ ಹೆಸರಿಗೆ ಬೇರೆ ಜಾತಿಯ ಚಿಹ್ನೆ ಬೇಕು. ಷರತ್ತಿನೊಳಗೆ ಷರತ್ತು ಹಾಕಿದರಂತೂ ಯಾವ ಚಿಹ್ನೆ ಯಾವುದನ್ನು ಮುಚ್ಚುತ್ತದೆ ಎಂದು ಬರೆದವರೇ ಬೆರಳಿಟ್ಟು ಎಣಿಸಬೇಕು.

ವಿಂಡೋಸ್ 95ರ ವಿನ್‌ಹೆಲ್ಪ್ 4.0 ತಂದ ಫೈಲ್‌ಎಕ್ಸಿಸ್ಟ್ ಮತ್ತು ಟೆಸ್ಟ್‌ಎಲಿಂಕ್ ನನಗೆ ಹೆಚ್ಚು ಇಷ್ಟ. ಮೊದಲನೆಯದು ಕಡತ ಇದೆಯೇ ಎಂದು ನೋಡುತ್ತದೆ, ಎರಡನೆಯದು ಕೊಟ್ಟ ಪದಕ್ಕೆ ಸಂಬಂಧಿಸಿದ ಪುಟ ಒಂದಾದರೂ ಇದೆಯೇ ಎಂದು. ಐಚ್ಛಿಕ ಭಾಗವನ್ನು ಹಾಕಿಸಿಕೊಳ್ಳದ ಬಳಕೆದಾರನಿಗೆ ಸತ್ತ ಕೊಂಡಿಯ ಬದಲು ‘ಈ ಭಾಗವನ್ನು ಹೀಗೆ ಸೇರಿಸಿಕೊಳ್ಳಿ’ ಎಂಬ ಪುಟ ತೋರಿಸಬಹುದು. ಇಲ್ಲಿ ಊಹೆಯಿಲ್ಲ, ಪ್ರಶ್ನೆಗೆ ನಿಜವಾದ ಉತ್ತರವಿದೆ, ಪರೀಕ್ಷಿಸಲು ಎರಡೇ ದಾರಿಗಳಿವೆ.

1997ರಲ್ಲಿ ವಿನ್‌ಹೆಲ್ಪ್‌ನ ಜಾಗಕ್ಕೆಂದು ಬಂದ ಎಚ್‌ಟಿಎಂಎಲ್ ಹೆಲ್ಪ್‌ನೊಂದಿಗೆ ಜಾವಾಸ್ಕ್ರಿಪ್ಟ್ ಬಳಸುವ ಅನುಕೂಲ ಬಂತು, ಚಿಹ್ನೆಗಳ ಕಾಟ ಬಹುಪಾಲು ತೀರಿತು. ಚುಟುಕು ಪುಟವೋ ವಿವರದ ಪುಟವೋ ಎಂಬ ಆಯ್ಕೆಗೆ ಮಾತ್ರ ಆಗಲೂ ಸ್ಕ್ರಿಪ್ಟ್ ಬೇಕಿರಲಿಲ್ಲ. ಎರಡು ಕೊಂಡಿಗಳನ್ನು ಅಕ್ಕಪಕ್ಕ ಇಟ್ಟಿದ್ದರೆ ಓದುಗನೇ ಆರಿಸಿಕೊಳ್ಳುತ್ತಿದ್ದ.