ಗಂಟೆ ಎಣಿಸಿದರೆ ಸಾಕೇ?

ಆನ್‌ಲೈನ್ ಆಟ ಅಂದ್ರೆ ಬರೀ ಚಟ ಅನ್ನುವವರು 2024ರ ‘ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್’ ಸಾಕ್ಷ್ಯಚಿತ್ರ ನೋಡಬೇಕು. ಸ್ನಾಯು ಸವೆಯುವ ಕಾಯಿಲೆಯಿದ್ದ ನಾರ್ವೆಯ ಮ್ಯಾಟ್ಸ್ ಸ್ಟೀನ್ 2014ರಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ಮಗ ಒಂಟಿಯಾಗಿದ್ದ ಅಂತ ಹೆತ್ತವರ ಕೊರಗು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲಿ ಅವನಿಗೆಷ್ಟು ಗೆಳೆಯರಿದ್ದರೆಂದು ತಿಳಿದದ್ದು ಸಂತಾಪದ ಇಮೇಲ್‌ಗಳು ಬಂದಾಗಲೇ. ಪುಣೆಯಲ್ಲಿ ಕನ್ನಡದ ಒಂದು ದನಿಗಾಗಿ ಫೋನ್ ಹಿಡಿದು ಕೂರುವ ನನಗೆ ಆ ಗೆಳೆತನ ಸುಳ್ಳೆನಿಸಲಿಲ್ಲ.

ಆದರೆ ಆಟಕ್ಕಾಗಿ ನಿದ್ದೆ, ಕೆಲಸ ಕಳಕೊಂಡವರ ಪಾಡು ಈ ಚಿತ್ರದಲ್ಲಿಲ್ಲ. ಅದೇ ಇದರ ಕೊರತೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆಟದ ಗೀಳೂ ಇದೆ. ಅದು ಗಂಟೆ ಎಣಿಸುವುದಿಲ್ಲ. ಹಿಡಿತ ತಪ್ಪಿತೇ, ಬದುಕು ಕೆಟ್ಟಿತೇ ಎಂದು ನೋಡುತ್ತದೆ. ಊರಿಂದ ಫೋನ್ ಮಾಡಿದಾಗ ನೀವೂ ‘ಎಷ್ಟೊತ್ತು ಆಡ್ತೀಯಪ್ಪಾ?’ ಅನ್ನುವ ಬದಲು ‘ಯಾರ ಜೊತೆ ಆಡ್ತೀಯಾ, ನಿದ್ದೆ ಸರಿಯಾಗಿದೆಯಾ?’ ಅಂತ ಕೇಳಿ.