ಫ್ಯಾನಿ ಬರ್ನಿಯ ಒಂದು ಕಾಗದ

ಕಾದಂಬರಿಕಾರ್ತಿಯೊಬ್ಬಳ ಅತ್ಯುತ್ತಮ ಗದ್ಯವು ಅವಳ ಕಾದಂಬರಿಗಳಲ್ಲಿರದೆ, ಅಕ್ಕನಿಗೆ ಬರೆದ ಖಾಸಗಿ ಕಾಗದವೊಂದರಲ್ಲಿ ಅಡಗಿದ್ದರೆ ವಿಮರ್ಶಕನು ಏನೆನ್ನಬೇಕು? ಇಂಗ್ಲಿಷ್ ಲೇಖಕಿ ಫ್ಯಾನಿ ಬರ್ನಿಯ ವಿಷಯದಲ್ಲಿ ಈ ಪ್ರಶ್ನೆ ಏಳುತ್ತದೆ. ೧೭೭೮ರ ‘ಎವೆಲಿನಾ’ ಆಕೆಗೆ ಕೀರ್ತಿ ತಂದಿತು. ಆದರೆ ೧೮೧೨ರಲ್ಲಿ ಪ್ಯಾರಿಸಿನಿಂದ ಅಕ್ಕ ಎಸ್ತರಳಿಗೆ ಬರೆದ ಕಾಗದದ ಮುಂದೆ ಆ ಕಾದಂಬರಿಯ ಜಾಣ್ಮೆಯೆಲ್ಲ ಸಪ್ಪೆಯಾಗಿ ತೋರುತ್ತದೆ.

ವಿಷಯ ಭೀಕರವಾದುದು. ೧೮೧೧ರ ಸೆಪ್ಟೆಂಬರ್ ೩೦ರಂದು, ನೆಪೋಲಿಯನ್ನನ ಸೇನಾವೈದ್ಯ ಲಾರೇ ಮತ್ತು ಆತನ ಸಂಗಡಿಗರು ಆಕೆಯ ಬಲಸ್ತನವನ್ನು ಕೊಯ್ದು ತೆಗೆದರು. ನೋವು ಮರೆಸುವ ಈಥರ್ ಬಳಕೆಗೆ ಬಂದದ್ದು ೧೮೪೬ರಲ್ಲಿ. ಈಕೆಗೆ ದೊರೆತದ್ದು ಒಂದಿಷ್ಟು ದ್ರಾಕ್ಷಾರಸದ ಪಾನೀಯ ಮಾತ್ರ. ಕಪ್ಪುಡುಪಿನ ಏಳು ಮಂದಿ ಗಂಡಸರು ಒಳಬರುವುದು, ಮುಖಕ್ಕೆ ಹೊದಿಸಿದ ತೆಳು ವಸ್ತ್ರದೊಳಗಿಂದಲೇ ಉಕ್ಕಿನ ಹೊಳಪು ಕಾಣುವುದು, ಸ್ತನವನ್ನು ಯಾರು ಹಿಡಿಯುವರೆಂದು ವೈದ್ಯನು ಕೇಳಿದಾಗ ತಾನೇ ಹಿಡಿಯುವೆನೆಂದು ಆಕೆ ಹೇಳುವುದು — ಇವನ್ನು ಓದಿ ನಡುಗದವರಿಲ್ಲ.

ಕಾಗದದಲ್ಲಿ ದೋಷಗಳಿಲ್ಲವೆಂದಲ್ಲ. ವೈದ್ಯರ ಸೌಜನ್ಯ, ಸ್ನೇಹಿತರ ಕಳಕಳಿ ಇವುಗಳ ವರ್ಣನೆಯಿಂದ ಪೂರ್ವಭಾಗ ಲಂಬಿಸಿದೆ. ವೈದ್ಯರ ಪ್ರವೇಶದಲ್ಲಿ ನಾಟಕದ ಸೋಂಕಿದೆ. ಆದರೆ ಕತ್ತಿ ಮೈಗೆ ಸೋಕಿದೊಡನೆ ಅಲಂಕಾರವೆಲ್ಲ ಕಳಚಿ ಬೀಳುತ್ತದೆ. ವಾಕ್ಯಗಳು ಉಸಿರು ಕಟ್ಟಿದಂತೆ ತುಂಡಾಗುತ್ತವೆ. ನಡೆದುದನ್ನು ಬರೆಯಲು ಆಕೆಗೆ ತಿಂಗಳುಗಳೇ ಹಿಡಿದವೆಂಬುದನ್ನು ನೆನೆದರೆ, ಇದು ತಡೆದು ತಡೆದು ಬಂದ ಮಾತೆಂದು ತಿಳಿಯುತ್ತದೆ.

ಇಲ್ಲಿ ಒಂದು ತೊಡಕಿದೆ. ಆಕೆ ಶಸ್ತ್ರಕ್ರಿಯೆಯ ತರುವಾಯ ಇಪ್ಪತ್ತೆಂಟು ವರ್ಷ ಬದುಕಿ, ೧೮೪೦ರಲ್ಲಿ ತೀರಿಕೊಂಡಳು. ಅದು ನಿಜವಾಗಿ ಏಡಿಗಂತಿಯೇ ಆಗಿತ್ತೆ ಎಂಬ ಸಂದೇಹ ವೈದ್ಯರಿಗೆ ಬಂದದ್ದು ಸಹಜ. ಸ್ತನದಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಮಾರಕವಲ್ಲ. ಹರೆಯದವರಲ್ಲಿ ಗೋಲಿಯಂತೆ ಬೆರಳಿನಡಿ ಜಾರುವ ನಾರುಗಂಟು, ನೀರು ತುಂಬಿದ ಚೀಲ, ಕೀವುಗಟ್ಟಿದ ಬಾವು, ಪೆಟ್ಟು ಬಿದ್ದು ಕೊಬ್ಬು ಸತ್ತು ಗಡುಸಾದ ಗಂಟು — ಇವು ಇತರ ಅಂಗಗಳಿಗೆ ಹರಡುವಂಥವಲ್ಲ. ಮಾರಕವಾದುದರ ನಡತೆ ಬೇರೆ. ಸಾಮಾನ್ಯವಾಗಿ ಹಾಲಿನ ನಾಳಗಳ ಒಳಪದರದ ಜೀವಕೋಶಗಳು ಅಂಕೆ ಮೀರಿ ಬೆಳೆದು, ಎಲ್ಲೆಯಾಗಿರುವ ತೆಳುಪೊರೆಯನ್ನು ಭೇದಿಸಿ, ಕಂಕುಳಿನ ಗ್ರಂಥಿಗಳಿಗೂ ದೂರದ ಎಲುಬು, ಶ್ವಾಸಕೋಶಗಳಿಗೂ ದಾಟುತ್ತವೆ. ಗಡುಸಾದ ಕೊಬ್ಬಿನ ಗಂಟು ಕೈಗೆ ಏಡಿಗಂತಿಯಂತೆಯೇ ತೋರಬಹುದು. ಭೇದವನ್ನು ಖಚಿತವಾಗಿ ಹೇಳಬೇಕಾದುದು ಸೂಕ್ಷ್ಮದರ್ಶಕ. ಜರ್ಮನಿಯ ಯೊಹಾನೆಸ್ ಮ್ಯೂಲರನು ಗಂತಿಗಳ ಕೋಶರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಗ್ರಂಥ ಪ್ರಕಟಿಸಿದ್ದು ೧೮೩೮ರಲ್ಲಿ. ಲಾರೇ ನಂಬಬಹುದಾಗಿದ್ದುದು ತನ್ನ ಕಣ್ಣನ್ನೂ ಬೆರಳನ್ನೂ ಮಾತ್ರ.

ಹಾಗಾದರೆ, ಗಂಟು ನಿರಪಾಯವಾಗಿದ್ದಿದ್ದರೆ, ಈ ಕಾಗದದ ಬೆಲೆ ಕುಗ್ಗುವುದೆ? ಕುಗ್ಗದೆಂದೇ ನನ್ನ ಮತ. ರೋಗದ ಹೆಸರನ್ನು ಕೊಟ್ಟವರು ವೈದ್ಯರು; ಬರ್ನಿ ಸಾಕ್ಷ್ಯ ಹೇಳಿರುವುದು ತಾನು ಅನುಭವಿಸಿದ್ದಕ್ಕೆ. ಆ ಸಾಕ್ಷ್ಯ ಸುಳ್ಳಾಗಲಾರದು. ಅದರಲ್ಲೂ ಎಲ್ಲರೂ ಮರೆಯುವ ಒಂದು ಭಾಗ ನನಗೆ ಮುಖ್ಯವೆನಿಸಿದೆ. ೧೮೧೦ರಲ್ಲಿ ನೋವು ಮೊದಲಾದಾಗ ಗಂಡನು ವೈದ್ಯರಿಗೆ ತೋರಿಸೆಂದು ಒತ್ತಾಯಿಸಿದರೂ, ಆ ಮಾತಿಗೇ ಮನಸ್ಸು ಹಿಂಜರಿದು, ಆರೈಕೆಯಿಂದಲೇ ವಾಸಿಯಾದೀತೆಂದು ಮುಂದೂಡಿದುದನ್ನು ಆಕೆ ಮುಚ್ಚಿಡದೆ ಬರೆದಿದ್ದಾಳೆ. ಕತ್ತಿಯನ್ನು ತಾಳಿಕೊಂಡ ಧೈರ್ಯಕ್ಕಿಂತ ಈ ಒಪ್ಪಿಗೆಯ ಧೈರ್ಯ ಚಿಕ್ಕದಲ್ಲ.

ನನ್ನ ನೆಂಟರಲ್ಲಿ ಹಿರಿಯ ಹೆಂಗಸೊಬ್ಬರು ಇಂಥದೇ ಗಂಟೊಂದನ್ನು ಎಂಟು ತಿಂಗಳು ಸೆರಗಿನ ಮರೆಯಲ್ಲಿಟ್ಟುಕೊಂಡು, ಯಾರಿಗೂ ಹೇಳದೆ ಕೊರಗಿದರು. ಕೊನೆಗೆ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಿದಾಗ ಅದು ನಾರುಗಂಟೆಂದು ತಿಳಿಯಿತು. ಅದೇ ಮಾರಕವಾಗಿದ್ದಿದ್ದರೆ ಆ ಎಂಟು ತಿಂಗಳಿಗೆ ತೆರಬೇಕಾಗಿದ್ದ ಬೆಲೆಯೇನು? ಬರ್ನಿಯ ಕಾಲದಲ್ಲಿ ಅಂಜಿಕೆಗೂ ಕತ್ತಿಗೂ ನಡುವೆ ಇಂಥ ಪರೀಕ್ಷೆಯಿರಲಿಲ್ಲ, ಇಂದು ಇದೆ. ಅಕ್ಕನಿಗಾಗಿ ಬರೆದ ಆ ಕಾಗದವನ್ನು ನಮ್ಮ ಮನೆಗಳ ಅಕ್ಕತಂಗಿಯರೂ ಓದುವಂತಾಗಬೇಕು. ಯಾರಾದರೂ ಅದನ್ನು ತಿಳಿಗನ್ನಡಕ್ಕೆ ತಂದರೆ ಸಾಹಿತ್ಯಕ್ಕೂ ಸಂಸಾರಕ್ಕೂ ಉಪಕಾರವಾದೀತು.